ಇಷ್ಟು ದೊಡ್ಡ ಬರ್ಫ ಯಾರ ಸಲುವಾಗಿ

ಸರೋವರದ ದಂಡೆಯ ಮೇಲೆ ಆ ದಿನ ನಾವು ಐದು ಜನ ಇದ್ದೆವು: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನನ್ನ ಅಜ್ಜಿ, ಪಕ್ಕದ ಮನೆಯ ಮುದುಕ ಡೆಸ್ ಅಂಕಲ್, ಮತ್ತು ನಾನು. ನನಗಾಗ ಒಂಬತ್ತೋ ಹತ್ತೋ. ಅಜ್ಜಿ ಇಳಕಲ್ ಸೀರೆಯ ಮೇಲೆ ಅಪ್ಪನ ಕೆಲಸದ ಕೋಟು ಹಾಕಿಕೊಂಡಿದ್ದಳು. ಕಿತ್ತಳೆ ಬಣ್ಣದ, ಬೆಳಕು ಬಿದ್ದರೆ ಮಿನುಗುವ ಪಟ್ಟಿಗಳ ಕೋಟು. ರಸ್ತೆ ರಿಪೇರಿಯವರು ಹಾಕುತ್ತಾರಲ್ಲ, ಅಂಥದ್ದು. ತೋಳುಗಳು ಅವಳ ಬೆರಳ ತುದಿ ದಾಟಿ ಜೋಲುತ್ತಿದ್ದವು. ಎದುರಿಗೆ ಜೋಳದ ಅಂಬಲಿಯಂಥ ಬೂದು ನೀರು, ಅದರಾಚೆ ಅವೊರಾಕಿ ಪರ್ವತದ ಸಾಲು, ನೀರಿನ ಮೇಲೆ ಮನೆಯಷ್ಟು, ಬಸ್ಸಿನಷ್ಟು, ಕುರಿಯಷ್ಟು ಗಾತ್ರದ ಹಿಮದ ಗಡ್ಡೆಗಳು. ಚಳಿಗಾಲವೆಲ್ಲ ಹೆಪ್ಪುಗಟ್ಟಿದ ನೀರಿನಲ್ಲಿ ಸಿಕ್ಕಿಕೊಂಡು ನಿಂತಿದ್ದವು, ವಸಂತ ಬಂದದ್ದೇ ಬಿಡಿಸಿಕೊಂಡು, ಗಾಳಿ ನೂಕಿದತ್ತ ಸದ್ದಿಲ್ಲದೆ ಸಾಗುತ್ತಿದ್ದವು. ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಕೆಲಸ ಕೊಟ್ಟಳು.

"ನಿಮ್ಮಪ್ಪಗ ಕೇಳು, ಇವು ಎಲ್ಲಿಗೆ ಹೊಂಟಾವ?"

ಅಪ್ಪ ಅವಳಿಂದ ಒಂದು ಮೊಳ ದೂರದಲ್ಲಿ ನಿಂತಿದ್ದ. ಆದರೂ ನಾನು ಅವನ ಕಡೆ ತಿರುಗಿ ಕೇಳಿದೆ.

"ಅಪ್ಪಾ, ಅಜ್ಜಿ ಕೇಳ್ತಾಳ, ಇವು ಎಲ್ಲಿಗೆ ಹೊಂಟಾವಂತ?"

"ಎಲ್ಲಿಗೂ ಇಲ್ಲ ಅನ್ನು. ಆ ಕಡಿ ದಂಡಿಗೆ ಹೋಗಿ ಕರಗತಾವ."

ನಾನು ಮತ್ತೆ ಅಜ್ಜಿಯ ಕಡೆ ತಿರುಗಿದೆ. ಹೀಗಿತ್ತು ನಮ್ಮ ಮನೆಯ ವ್ಯವಹಾರ. ಅಜ್ಜಿ ತನ್ನ ಮಗನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟು ಅದು ಎರಡನೆಯ ವಸಂತ.

ಭೂಮಿಯ ದಕ್ಷಿಣ ತುದಿಯ ಕಡಲೂರಾದ ಡನೀಡಿನ್‌ನಲ್ಲಿ ನಮ್ಮದು ಗುಡ್ಡದ ಮೇಲಿನ ಹಳೆಯ ಮರದ ಮನೆ. ಅಡಿಗೆಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು, ಅದೇ ಕಿಟಕಿಯ ಸಂದಿಯಿಂದ ಸಮುದ್ರದ ಗಾಳಿಯೂ ಬರುತ್ತಿತ್ತು. ಬೆಳಿಗ್ಗೆ ಎದ್ದರೆ ಗಾಜಿನ ಒಳಮೈಗೆ ನೀರು ಕಟ್ಟಿರುತ್ತಿತ್ತು. ಅಮ್ಮ ಹಳೆಯ ಟವೆಲ್ ಹಿಡಿದು ಕೋಣೆ ಕೋಣೆಗೂ ಹೋಗಿ ಒರೆಸುವುದು ನಮ್ಮ ಮನೆಯ ಸುಪ್ರಭಾತ. ಇಡೀ ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಬಿಸಿನೀರಿನ ಸಿಲಿಂಡರ್ ಇಟ್ಟಿದ್ದ ಕಪಾಟು. ಅಜ್ಜಿ ಬಂದ ವಾರವೇ ಅದರೊಳಗಿನ ಟವೆಲ್ಲುಗಳನ್ನೆಲ್ಲ ಹೊರಗೆ ಹಾಕಿ, ಮೇಲಿನ ಹಲಗೆಯ ಮೇಲೆ ಈಬತ್ತಿಯ ಗಟ್ಟಿ, ಗಂಟೆ, ದೀಪ ಇಟ್ಟು ಅದನ್ನೇ ದೇವರಮನೆ ಮಾಡಿಬಿಟ್ಟಳು. ಕಪಾಟಿನ ಬಾಗಿಲು ತೆರೆದು, ಸಿಲಿಂಡರಿಗೆ ಬೆನ್ನು ತಾಗಿಸಿ ಕುಳಿತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುವಳು. ಎಷ್ಟೋ ದಿನ ಪೂಜೆ ಮುಗಿದರೂ ಏಳುತ್ತಿರಲಿಲ್ಲ. "ಶಿವ ಬೆಚ್ಚಗದಾನ, ನಾನೂ ಸ್ವಲ್ಪ ಕುಂತಿರತೀನಿ" ಎನ್ನುವಳು.

ಅಡಿಗೆಮನೆಯಲ್ಲಿ ಅಜ್ಜಿಯ ಕಾಯಿದೆಗಳು ಬೇರೆ. ಆಕ್ಲೆಂಡಿನ ಹೆಂಡರ್ಸನ್‌ನಲ್ಲಿದ್ದ ಅಮ್ಮನ ಗೆಳತಿಯೊಬ್ಬಳು ಜೋಳದ ಹಿಟ್ಟು ಕಳಿಸುತ್ತಿದ್ದಳು. ಪುಂಡಿಪಲ್ಯೆ ಇಲ್ಲಿ ಸಿಗದೆ, ಅಜ್ಜಿ ಹಿತ್ತಲಲ್ಲಿ ಬೆಳೆದ ಸಿಲ್ವರ್‌ಬೀಟ್ ಸೊಪ್ಪಿಗೆ ನಿಂಬೆಹುಳಿ ಹಿಂಡಿ, "ಬಾಯಿಗೆ ಮೋಸ ಮಾಡೂದು" ಎಂದು ನಗುತ್ತ ಬಡಿಸುವಳು. ರೊಟ್ಟಿ ಬಡಿಯುವಾಗ ನಾನು ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಿರಬೇಕು. ಕೈ ಬಡಿಯುವ ತಾಳಕ್ಕೆ ಅವಳ ಕಥೆ ನಡೆಯುತ್ತಿತ್ತು. ಫ್ರೀಜರಿನಲ್ಲಿ ಮಾತ್ರ ಏನೂ ಇಡುವಂತಿರಲಿಲ್ಲ, ಒಂದು ಹಿಡಿ ಬಟಾಣಿ ಕೂಡ. ಅಪ್ಪನ ಕಸುಬೇ ತಂಪು ಮಾಡುವುದು, ಬಂದರಿನ ಮೀನಿನ ಕೋಲ್ಡ್ ಸ್ಟೋರೇಜುಗಳ ಮಷಿನ್ನು ರಿಪೇರಿ ಮಾಡುವವನು ಅವನು. ಅವನ ಮನೆಯ ಫ್ರೀಜರು ಖಾಲಿ. ಇನ್ನೊಂದು ವಿಚಿತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಊಟದಲ್ಲಿ ಎಷ್ಟೇ ಸಪ್ಪೆಯಾಗಿದ್ದರೂ ಅಪ್ಪ ಉಪ್ಪು ಕೇಳುತ್ತಿರಲಿಲ್ಲ. ಅಮ್ಮ ಉಪ್ಪಿನ ಡಬ್ಬಿ ಮುಂದೆ ಸರಿಸಿದರೆ ತಲೆ ಎತ್ತದೆ ವಾಪಸು ಸರಿಸುತ್ತಿದ್ದ. ಅಜ್ಜಿ ಆಗ ಗೋಡೆಯ ಕಡೆ ನೋಡುತ್ತಿದ್ದಳು.

"ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ಯಾವ."

"ಅವ್ವಗ ಹೇಳು, ಕೈ ತೊಳ್ಕೊಂಡು ಬಂದೆ."

"ನಿಮ್ಮಪ್ಪಗ ಹೇಳು, ನಿನ್ನೆನೂ ಹಿಂಗ ಅಂದು ತಾಸು ಹೊತ್ತು ಮಾಡಿದ್ದ. ಕತ್ತಿ ಹಂಗ ದುಡಿಯೂದು, ನಾಯಿ ಹಂಗ ತಣ್ಣಂದು ತಿನ್ನೂದು."

ಮೈಸೂರು ಕಡೆಯವಳಾದ ನಮ್ಮಮ್ಮನಿಗೆ ಇದು ಸಹಿಸದು. ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ ಮುಗಿಸಿ ದಣಿದು ಬಂದಿರುತ್ತಿದ್ದಳು.

"ಎದುರಿಗೇ ಕೂತಿದಾರಲ್ಲ ಅತ್ತೆ, ನೀವೇ ಹೇಳ್ಬಾರ್ದಾ? ಮಗೂನ ಯಾಕೆ ಪೋಸ್ಟ್‌ಮ್ಯಾನ್ ಮಾಡ್ತೀರ?"

"ನಾ ಮಗನ ಮನೀಗೆ ಬರತೀನಂದಿದ್ದೆ. ಮಾತಾಡತೀನಿ ಅಂತ ಯಾವಾಗ ಹೇಳಿದ್ದೆ?" ಎನ್ನುವಳು ಅಜ್ಜಿ, ಸೊಸೆಗೆ ನೇರವಾಗಿಯೇ.

ನಾನು ಮಾತ್ರ ಕತ್ತೆ, ನಾಯಿ ಎರಡನ್ನೂ ದಾರಿಯಲ್ಲೇ ಇಳಿಸಿಬಿಡುತ್ತಿದ್ದೆ. "ಅಪ್ಪಾ, ಬಿಸಿ ಇದ್ದಾಗ ಉಂಡ್ರ ಮೈಗೆ ಹತ್ತತದಂತ ಅಜ್ಜಿ ಹೇಳ್ತಾಳ." ಅಜ್ಜಿಗೆ ಗೊತ್ತಾಗುತ್ತಿತ್ತು. ತುಟಿಯ ಮೂಲೆಯಲ್ಲಿ ನಗು ಒತ್ತಿ ಹಿಡಿದು ಇನ್ನೊಂದು ರೊಟ್ಟಿ ನನ್ನ ತಟ್ಟೆಗೆ ಹಾಕುತ್ತಿದ್ದಳು. ನನ್ನ ವಾರಗೆಯ ಕನ್ನಡದ ಮಕ್ಕಳು ಈ ಊರಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ನನಗೆ ಆ ಸವಲತ್ತು ಇರಲಿಲ್ಲ. ಒಂದು ಬಾಯಿಂದ ಇಸಿದುಕೊಂಡ ಮಾತನ್ನು ಇನ್ನೊಂದು ಕಿವಿಗೆ ಕೆಡದಂತೆ ಮುಟ್ಟಿಸಬೇಕು. ಸಿಟ್ಟು ಕಳೆದು ಮಾತು ಉಳಿಸಬೇಕು. ಇವತ್ತು ನಾನು ನಾಲ್ಕು ಜನರ ಮುಂದೆ ಕಥೆ ಹೇಳಿ ಕೂರಿಸಬಲ್ಲೆನಾದರೆ, ಕನ್ನಡದಲ್ಲಿ ಹೀಗೆ ಬರೆಯಬಲ್ಲೆನಾದರೆ, ಅದು ಆ ಊಟದ ಮೇಜಿನ ದುಡಿಮೆ. ಇಬ್ಬರು ಮಾತಾಡದೆ ಇದ್ದುದರಿಂದ ನನಗೆ ಮಾತು ಬಂತು.

ಅವರು ಯಾಕೆ ಮಾತಾಡುತ್ತಿಲ್ಲವೆಂಬುದು ನನಗೆ ತುಣುಕು ತುಣುಕಾಗಿ ತಿಳಿಯಿತು, ಸ್ವಲ್ಪ ರೊಟ್ಟಿಯ ಕಥೆಗಳಲ್ಲಿ, ಸ್ವಲ್ಪ ಅಮ್ಮನ ಬಾಯಲ್ಲಿ. ನಮ್ಮಜ್ಜ ರಾಯಚೂರಿನಲ್ಲಿ ಬರ್ಫದ ಕಾರ್ಖಾನೆಯಲ್ಲಿ ಜೀವಮಾನ ದುಡಿದವನು. ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟ ತಗಡಿನ ಡಬ್ಬಗಳಿಂದ ಆಳುದ್ದದ ಗಡ್ಡೆಗಳನ್ನು ಕೀಳುವುದು, ಅವಕ್ಕೆ ಮರದ ಹೊಟ್ಟು ಮೆತ್ತಿ ಗೋಣಿತಟ್ಟು ಸುತ್ತಿ ಬಂಡಿಗೆ ಹೇರುವುದು ಅವನ ಕೆಲಸ. ಮದುವೆ ಮನೆಗೆ ಶರಬತ್ತಿಗೆ ಹೋಗುವ ಬರ್ಫ, ಮೀನಿನ ಮಾರುಕಟ್ಟೆಗೆ ಹೋಗುವ ಬರ್ಫ, ಸತ್ತವರ ಮನೆಗೆ ಹೋಗುವ ಬರ್ಫ. ದೂರದ ಊರಿಂದ ಮಗನೋ ಮಗಳೋ ಬರುವವರೆಗೆ ಹೆಣ ಕೆಡಬಾರದಲ್ಲ. ಅಂಥ ಮನೆಗೆ ಅಜ್ಜ ಯಾರನ್ನೂ ಕಳಿಸದೆ ತಾನೇ ಹೋಗಿ ಜೋಡಿಸಿ ಬರುತ್ತಿದ್ದನಂತೆ. ಅವನ ಅಂಗೈ ಯಾವಾಗಲೂ ತಣ್ಣಗೆ. ರಾಯಚೂರಿನ ಬೇಸಿಗೆಯಲ್ಲಿ ಓಣಿಯ ಹೆಂಗಸರು ಜ್ವರ ಬಂದ ಕೂಸುಗಳನ್ನು ಎತ್ತಿಕೊಂಡು ಬಂದು ಅವನ ಮುಂದೆ ನಿಲ್ಲುತ್ತಿದ್ದರು, ಹಣೆಯ ಮೇಲೆ ಕೈ ಇಡಿಸಿಕೊಳ್ಳಲಿಕ್ಕೆ.

"ನಂಗ ಜ್ವರ ಬಂದ್ರ ಗುಳಿಗಿ ತಗೊಂಡಾಕಿ ಅಲ್ಲ ನಾನು," ಎನ್ನುತ್ತಿದ್ದಳು ಅಜ್ಜಿ. "ಅವರು ಬರೂತನಕ ಕಾಯ್ತಿದ್ದೆ."

ಅಜ್ಜ ಹೋದದ್ದು ಕೆಟ್ಟ ಬೇಸಿಗೆಯಲ್ಲಿ. ಅಪ್ಪ ಇಲ್ಲಿಂದ ಫೋನು ಮಾಡಿ, ಮೊದಲ ವಿಮಾನಕ್ಕೆ ಹೊರಟಿದ್ದೇನೆ, ನಾನು ಬರುವವರೆಗೆ ಮಣ್ಣು ಮಾಡಬೇಡಿ ಎಂದ. ಊರಲ್ಲಿ ಹೆಣ ಇಡುವ ಗಾಜಿನ ಪೆಟ್ಟಿಗೆ ಒಂದಿತ್ತು, ಅದು ಅಂದು ಇನ್ನೊಂದು ಮನೆಗೆ ಹೋಗಿತ್ತು. ನಮ್ಮವರಲ್ಲಿ ವಾಡಿಕೆಯಿದ್ದಂತೆ ಅಜ್ಜನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ಈಬತ್ತಿ ಹಚ್ಚಿ, ಸುತ್ತ ಕಾರ್ಖಾನೆಯ ಗಡ್ಡೆಗಳನ್ನು ಜೋಡಿಸಿದರು. ಭಜನೆಯವರು ಕೂತರು. ಗಡ್ಡೆ ಕರಗುತ್ತಿದೆಯೆಂದು ಅಪ್ಪನಿಗೆ ಸುದ್ದಿ ಹೋದಾಗ ಅವನು ಯಾವುದೋ ವಿಮಾನ ನಿಲ್ದಾಣದಲ್ಲಿ ನಿಂತಿದ್ದ. ಅವಸರದಲ್ಲಿ ಹೇಳಿದ: ಮೇಲೆ ಉಪ್ಪು ಹಾಕಿರಿ. ಉಪ್ಪು ಬಿದ್ದರೆ ಬರ್ಫ ಇನ್ನೂ ತಂಪಾಗುತ್ತದೆಂಬುದು ಅವನಿಗೆ ಗೊತ್ತು, ತೊಟ್ಟಿಯ ಪಕ್ಕದಲ್ಲೇ ಬೆಳೆದವನು. ಹಾಗೆ ತಂಪಾಗುವಾಗ ಬೇಗ ಕರಗಿಯೂ ಹೋಗುತ್ತದೆಂಬುದೂ ಗೊತ್ತು. ಆ ಗಳಿಗೆಯಲ್ಲಿ ಮೊದಲನೆಯದು ನೆನಪಾಯಿತು, ಎರಡನೆಯದು ಆಗಲಿಲ್ಲ. ಕರಗಿದರೆ ಬೇರೆ ಗಡ್ಡೆ ತಂದಾರು ಎಂದುಕೊಂಡಿದ್ದಿರಬೇಕು. ಆದರೆ ಅಂದು ಊರಿಗೆಲ್ಲ ಕರೆಂಟು ಹೋಗಿತ್ತು; ಕಾರ್ಖಾನೆ ನಿಂತಿತ್ತು. ಊರಿನ ಹೆಣಗಳಿಗೆಲ್ಲ ಬರ್ಫ ಹೊತ್ತವನ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬರ್ಫ ತೀರಿತು. ಹಿರಿಯರು ಇನ್ನು ಕಾಯಬಾರದೆಂದರು. ಅಪ್ಪ ಬಂದು ಇಳಿದಾಗ ಅಂಗಳ ತೊಳೆದಾಗಿತ್ತು. ಕಾರ್ಖಾನೆಯವರು ಕೊಟ್ಟಿದ್ದ ಮನೆ ಖಾಲಿ ಮಾಡಬೇಕಾಗಿ ಬಂದಾಗ, ಅಪ್ಪನ ತಂಗಿ ಶರಣಮ್ಮತ್ತೆ ಅಜ್ಜಿಯ ಪೆಟ್ಟಿಗೆ ಕಟ್ಟಿ ಅಣ್ಣನ ಜೊತೆ ಕಳಿಸಿದಳು. ಅಪ್ಪ ಅಂದುಕೊಂಡದ್ದು ಒಂದೇ: ಅವ್ವ ನನ್ನ ಉಪ್ಪಿನ ಮಾತನ್ನು ಮರೆಯಲಾರಳು. ಅಮ್ಮನೂ ಹಾಗೇ ಅಂದುಕೊಂಡಿದ್ದಳು, ನಾನೂ.

ಡೆಸ್ ಅಂಕಲ್ ಒಂದು ಕಾಲಕ್ಕೆ ಮೀನಿನ ದೋಣಿ ನಡೆಸಿದವನು, ಹೆಂಡತಿ ತೀರಿದ ಮೇಲೆ ಒಬ್ಬನೇ ಇದ್ದ. ಅಜ್ಜಿ ಅವನನ್ನು ದೇಸಾಯಿ ಎಂದು ಕರೆಯುತ್ತಿದ್ದಳು, ಅವನು ಓಗೊಡುತ್ತಿದ್ದ. ಬೇಲಿಯ ಮೇಲಿಂದ ಅವನು ಟೊಮೆಟೊ ಕೊಡುವುದು, ಇವಳು ಶೇಂಗಾ ಚಟ್ನಿ ಕೊಡುವುದು, ನಡುವೆ ನಿಂತು ನಾನು ಎರಡೂ ಕಡೆಯ ಮಾತು ಹೊರುವುದು. ಒಂದು ದಿನ ಅವನು ಸಮುದ್ರದ ಕಡೆ ಬೆರಳು ತೋರಿಸಿ ಹೇಳಿದ: ಕೆಲವು ವರ್ಷದ ಹಿಂದೆ ಒಂದು ವಸಂತದಲ್ಲಿ ಇದೇ ಕರಾವಳಿಯ ಮುಂದೆ ಹಿಮದ ಗುಡ್ಡಗಳು ತೇಲುತ್ತ ಹೋದವು, ದಕ್ಷಿಣ ಧ್ರುವದ ಕಡೆಯಿಂದ ಬಂದವು, ಜನ ಗುಡ್ಡ ಹತ್ತಿ ನಿಂತು ನೋಡಿದರು, ಅವನೂ ನೋಡಿದ್ದನಂತೆ. ನಾನು ಅಷ್ಟನ್ನೂ ಅಜ್ಜಿಗೆ ಮುಟ್ಟಿಸಿದೆ. ಅವಳ ಕೈಯಲ್ಲಿದ್ದ ಟೊಮೆಟೊ ಹಾಗೇ ಉಳಿಯಿತು.

"ಎಷ್ಟು ದೊಡ್ಡವು ಅಂತ ಕೇಳು."

"ಚರ್ಚಿನಷ್ಟು, ಇನ್ನೂ ದೊಡ್ಡವಂತ."

"ಅಷ್ಟು ದೊಡ್ಡ ಬರ್ಫ ಯಾರ ಸಲುವಾಗಿ ಬಂದಿತ್ತು ಅಂತ ಕೇಳು ದೇಸಾಯಿಗ."

ನಾನು ಕೇಳಿದೆ. ಡೆಸ್ ಅಂಕಲ್ ತನ್ನ ಟೋಪಿ ತೆಗೆದು ತಲೆ ಕೆರೆದುಕೊಂಡು, ಯಾರಿಗಾಗಿಯೂ ಅಲ್ಲ, ಸುಮ್ಮನೆ ಬಂದಿದ್ದವು ಎಂದ. ಅಜ್ಜಿ ಅದನ್ನು ನಂಬಲಿಲ್ಲ. ಅವಳ ಲೋಕದಲ್ಲಿ ಬರ್ಫ ಸುಮ್ಮನೆ ಬರುತ್ತಿರಲಿಲ್ಲ. ಅಂದಿನಿಂದ ಪೂಜೆ ಮುಗಿಸಿ ಅಡಿಗೆಮನೆಯ ಕಿಟಕಿಗೆ ಹೋಗಿ ನಿಲ್ಲುವುದು ಶುರುವಾಯಿತು. ಟವೆಲ್ಲಿನಿಂದ ಗಾಜು ಒರೆಸಿ, ಒರೆಸಿದ್ದರಲ್ಲಿ ಕಣ್ಣಿಟ್ಟು ನೋಡುವಳು. ಬಿಳಿ ಹಾಯಿಯ ದೋಣಿ ಕಂಡರೂ ನನ್ನನ್ನು ಕೂಗುವಳು. ಅಮ್ಮ ಇದನ್ನು ನೋಡಿ ನೋಡಿ ಒಂದು ಭಾನುವಾರ ಅಪ್ಪನ ಮೇಲೆ ಸಿಡಿದಳು.

"ನಿಮ್ಮಮ್ಮ ಬೆಳಿಗ್ಗೆಯಿಂದ ಅಲ್ಲೇ ನಿಂತಿದಾರೆ. ಕಾಲು ಊದ್ಕೊಂಡಿದೆ. ಒಂದ್ಸಲನಾದ್ರೂ ಹೋಗಿ, ಅಮ್ಮಾ ಕೂತ್ಕೋ ಅನ್ನಿ. ಬಾಯಿ ಸವೆದುಹೋಗುತ್ತಾ?"

"ನಾ ಏನ್ ಅಂದ್ರೂ ಆಕಿಗೆ ಉಪ್ಪಿನ ಮಾತ ಕೇಳಸ್ತದ. ಬಿಡು."

"ಅವ್ರು ಹಾಗಂತ ಹೇಳಿದಾರಾ?"

"ಹೇಳಬೇಕೇನು?"

ಅಜ್ಜಿ ಕಿಟಕಿಯಲ್ಲೇ ಇದ್ದಳು. ಮರದ ಮನೆ, ಪಿಸುಮಾತೂ ಗೋಡೆ ದಾಟುತ್ತದೆ. ಅವಳು ತಿರುಗಲಿಲ್ಲ. ಅಪ್ಪ ಬಹಳ ಹೊತ್ತು ಉಂಡ ಕೈ ಒಣಗಿಸಿಕೊಂಡು ಕೂತಿದ್ದವನು ಕೊನೆಗೆ ನನ್ನನ್ನು ಕರೆದ.

"ಅವ್ವಗ ಹೇಳು. ಅವು ಇಲ್ಲಿಗೆ ಮತ್ತ ಯಾವಾಗ ಬರತಾವೋ ಯಾರಿಗೂ ಗೊತ್ತಿಲ್ಲ. ಇರೂ ಜಾಗಕ್ಕ ನಾನ ಕರಕೊಂಡು ಹೋಗ್ತೀನಿ ಅನ್ನು."

ಹಾಗೆ ಹೊರಟದ್ದು ನಾವು, ಬೆಳಕು ಹರಿಯುವ ಹೊತ್ತಿಗೆ, ಡೆಸ್ ಅಂಕಲ್‌ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು. ರೊಟ್ಟಿ, ಚಟ್ನಿ, ಮೊಸರು, ಫ್ಲಾಸ್ಕಿನಲ್ಲಿ ಚಹಾ. ದಾರಿಯುದ್ದಕ್ಕೂ ಆಗ ತಾನೇ ಹುಟ್ಟಿದ ಕುರಿಮರಿಗಳು. ಅಜ್ಜಿ ಇಳಿದ ಮೇಲೆ ಕಲ್ಲಿನ ದಾರಿಯಲ್ಲಿ ಅಮ್ಮನ ಕೈ ಹಿಡಿದು ನಿಧಾನವಾಗಿ ನಡೆದಳು. ದಂಡೆ ಮುಟ್ಟಿ, ಮೊದಲೇ ಹೇಳಿದೆನಲ್ಲ, ಇವು ಎಲ್ಲಿಗೆ ಹೊಂಟಾವ ಎಂದು ಕೇಳಿದಳು. ಕರಗತಾವ ಎಂಬ ಉತ್ತರವನ್ನು ನಾನು ಮುಟ್ಟಿಸಿದೆ. ಅಷ್ಟರಲ್ಲಿ ದೂರದ ಒಂದು ಗಡ್ಡೆ, ಎಮ್ಮೆ ಮಗ್ಗಲು ಬದಲಿಸಿದ ಹಾಗೆ, ಮೆಲ್ಲಗೆ ಹೊರಳಿತು. ಬಿಳಿಯ ಬೆನ್ನು ನೀರಿಗೆ ಹೋಗಿ, ಅಡಿಯಲ್ಲಿದ್ದ ನೀಲಿ ಗಾಜಿನಂಥ ಹೊಟ್ಟೆ ಮೇಲೆ ಬಂತು. ಸದ್ದು ಆಮೇಲೆ ಬಂದು ಮುಟ್ಟಿತು. "ಅಯ್ಯ ಶಿವನ!" ಎಂದಳು ಅಜ್ಜಿ.

ಡೆಸ್ ಅಂಕಲ್‌ಗೆ ಚಳಿ ಹಿಡಿದಿತ್ತು. ಫ್ಲಾಸ್ಕು ಕಾರಿನಲ್ಲೇ ಉಳಿದಿದ್ದರಿಂದ ಅಮ್ಮ ಅವನನ್ನು ಕರೆದುಕೊಂಡು ವಾಪಸು ಹೊರಟಳು, ಕಪ್ಪು ಹಿಡಿಯಲು ನನ್ನನ್ನೂ ಕರೆದಳು. ನಾನು ಅಜ್ಜಿಯ ಮುಖ ನೋಡಿದೆ. ನಾನು ಹೋದರೆ ಇವರಿಬ್ಬರ ನಡುವೆ ಯಾರು? ಅಮ್ಮ ನನ್ನ ಕೈ ಹಿಡಿದು ಎಳೆದಳು. ಅವಳು ಬೇಕೆಂದೇ ಹಾಗೆ ಮಾಡಿದಳೆಂದು ಈಗ ಅನಿಸುತ್ತದೆ. ದಾರಿಯ ತಿರುವಿನಲ್ಲಿ ನಿಂತು ತಿರುಗಿ ನೋಡಿದೆ. ಅಪ್ಪ ಬೂಟು ಸಮೇತ ನೀರಿಗಿಳಿದು, ದಂಡೆಗೆ ಬಂದು ಸಿಕ್ಕಿದ್ದ ಒಂದು ಗಡ್ಡೆಯನ್ನು ಎರಡೂ ಕೈಯಿಂದ ಎತ್ತಿ, ಕೂಸನ್ನು ತಂದಂತೆ ತಂದು ಅಜ್ಜಿಯ ಮುಂದೆ ನಿಂತ. ಹಿಡಿದೇ ನಿಂತ. ಗಾಳಿ ಜೋರಾಗಿತ್ತು, ನನಗೆ ಏನೂ ಕೇಳಿಸಲಿಲ್ಲ. ಅಜ್ಜಿಯ ಬಾಯಿ ಆಡುವುದು ಕಂಡಿತು. ಅಪ್ಪ ಗಡ್ಡೆಯನ್ನು ಕೆಳಗಿಟ್ಟ. ಅವಳು ಕೋಟಿನ ಉದ್ದ ತೋಳುಗಳನ್ನು ಹಿಂದಕ್ಕೆ ಸರಿಸಿ ಅವನ ಕೈಗಳನ್ನು ಹಿಡಿದಳು. ಉಜ್ಜಿ ಬಿಸಿ ಮಾಡುತ್ತಾಳೆಂದುಕೊಂಡೆ. ಹಾಗೆ ಮಾಡಲಿಲ್ಲ. ಅವನ ಬಲಗೈಯನ್ನು ಎತ್ತಿ ತನ್ನ ಹಣೆಯ ಮೇಲೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ಹಾಗೇ ನಿಂತಳು. ಅವರ ಹಿಂದೆ ಹಿಮದ ಗಡ್ಡೆಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು.

ಅವರಿಬ್ಬರ ಮೊದಲ ಮಾತು ನನ್ನ ಕೈ ದಾಟದೆ ನಡೆದುಹೋಯಿತು. ವಾಪಸು ಬರುವಾಗ ಕತ್ತಲಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ನನ್ನ ತಲೆ ಅಜ್ಜಿಯ ತೊಡೆಯ ಮೇಲಿತ್ತು. "ಸಾವಕಾಶ ಹೊಡಿಯಪ್ಪ, ಕುರಿ ಅಡ್ಡ ಬರತಾವ" ಎಂದಳು ಅಜ್ಜಿ. ನಾನು ರೂಢಿಯಂತೆ "ಅಪ್ಪಾ..." ಎಂದು ಬಾಯಿ ತೆರೆದೆ. "ಕೇಳ್ತವ್ವಾ" ಎಂದ ಅಪ್ಪ, ನನಗಲ್ಲ. ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಜೊತೆಗೆ ಏನೋ ಕಳೆದುಹೋದಂತಾಗಿ, ಅವಳ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತದ್ದು ನೆನಪಿದೆ. ಮರುದಿನ ಊಟದಲ್ಲಿ ಅಜ್ಜಿ ತಾನೇ ಉಪ್ಪಿನ ಡಬ್ಬಿಯನ್ನು ಅಪ್ಪನ ಮುಂದೆ ಇಟ್ಟಳು. ಅವನು ಹಾಕಿಕೊಂಡ. ಕಿಟಕಿಯಲ್ಲಿ ನಿಲ್ಲುವುದೂ ನಿಂತುಹೋಯಿತು.

ಅಜ್ಜಿ ತೀರಿಕೊಂಡದ್ದು ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ, ಒಂದು ಚಳಿಗಾಲದ ಬೆಳಿಗ್ಗೆ, ಸಿಲಿಂಡರಿಗೆ ಬೆನ್ನು ಕೊಟ್ಟು ಕೂತಲ್ಲೇ. ಶರಣಮ್ಮತ್ತೆ ಬರಬೇಕಿತ್ತು, ಅವಳ ವೀಸಾ ಆಗಿರಲಿಲ್ಲ. ಅಂತ್ಯಸಂಸ್ಕಾರ ನಡೆಸುವವರ ಕಟ್ಟಡದ ತಣ್ಣನೆಯ ಕೋಣೆಯಲ್ಲಿ ಅಜ್ಜಿಯನ್ನು ಇಟ್ಟೆವು. ಅವರು ಮರ್ಯಾದೆಯಿಂದಲೇ ಯಾವ ದಿನವೆಂದು ಕೇಳುತ್ತಿದ್ದರು, ಆಕ್ಲೆಂಡಿನಿಂದ ಬಂದ ನೆಂಟರು ರಜೆ ಮುಗಿಯುತ್ತದೆಂದು ಕೇಳುತ್ತಿದ್ದರು. "ಶರಣಿ ಬರೂತನಕ" ಎನ್ನುವುದು ಬಿಟ್ಟು ಅಪ್ಪ ಬೇರೆ ಉತ್ತರ ಕೊಡಲಿಲ್ಲ. ಹಗಲೆಲ್ಲ ಆ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಒಂದು ಮಧ್ಯಾಹ್ನ ಊಟದ ಡಬ್ಬಿ ಒಯ್ದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸರೋವರದ ದಂಡೆಯಲ್ಲಿ ಅಜ್ಜಿ ಹೇಳಿದ್ದನ್ನು ಹೇಳಿದ. ಅವನು, ಉಪ್ಪು ಹಾಕ್ರಿ ಅಂದವನು ನಾನು ಅವ್ವಾ, ಎಂದನಂತೆ. ಅದಕ್ಕೆ ಅವಳು:

"ಉಪ್ಪು ಯಾರಿಗೆ ನೆನಪದನೋ? ಹಿರಿಯಾರು ನನ್ನ ಕೇಳಿದ್ರು. ಎತ್ರಿ ಅಂದಾಕಿ ನಾನು. ಇನ್ನೊಂದೀಟು ಕಾದಿದ್ರ ನೀ ಅಪ್ಪನ ಮುಖ ನೋಡ್ತಿದ್ದಿ. ಯಾವ ಮುಖ ಇಟ್ಕೊಂಡು ನಿನ್ನ ಮಾತಾಡಸ್ಲಿ ಅಂತ ಸುಮ್ಮನಿದ್ದೆ."

ಅತ್ತೆಯ ವೀಸಾ ಬಂತು. ಅವಳು ಬಂದಿಳಿದ ದಿನ ಅಮ್ಮ ಕಾರು ನಡೆಸಿದಳು, ನಾನು ಹಿಂದೆ ಅತ್ತೆಯ ಪಕ್ಕದಲ್ಲಿ ಕೂತಿದ್ದೆ. ಅವಳು ಊರು ಬಿಟ್ಟಾಗಿನಿಂದ ನಿದ್ದೆ ಮಾಡಿರಲಿಲ್ಲ. ಕಾರು ವಿಮಾನ ನಿಲ್ದಾಣ ದಾಟುತ್ತಿದ್ದಂತೆ ಅಪ್ಪನ ಫೋನು ಬಂತು. ನಾನು ಫೋನು ಚಾಚಿದರೆ ಅತ್ತೆ ಅದನ್ನು ನನ್ನ ಕಡೆಗೇ ಸರಿಸಿದಳು.

"ನಿಮ್ಮಪ್ಪಗ ಹೇಳು," ಎಂದಳು. "ಅವ್ವಗ ಹೇಳಂತ ಹೇಳು. ನಾ ಬಂದೀನಿ."

ನಾನು ಅದನ್ನು ಒಂದಕ್ಷರ ಬದಲಿಸದೆ ಅಪ್ಪನಿಗೆ ಮುಟ್ಟಿಸಿದೆ. ಅವನು ಫೋನು ಇಡಲಿಲ್ಲ. ಕುರ್ಚಿ ಸರಿದ ಸದ್ದು, ಭಾರದ ಬಾಗಿಲು ತೆರೆದ ಸದ್ದು ಕೇಳಿತು. ಆಮೇಲೆ ಅಪ್ಪನ ದನಿ.

"ಅವ್ವಾ, ಶರಣಿ ಬಂದ್ಳಂತ."

ಮರುದಿನ ಬೆಳಿಗ್ಗೆ ಗುಡ್ಡದ ಮೇಲೆ, ಸಮುದ್ರ ಕಾಣುವ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಮೊದಲ ಹಿಡಿಯನ್ನು ಅಪ್ಪ ಅತ್ತೆಯ ಕೈಯಿಂದ ಹಾಕಿಸಿದ.